ಭಾವನ ಕಾರಿಗೊಂದು ಗ್ಯಾರೇಜು

ಆಯುಧಪೂಜೆಯ ದಿನ ಬೆಳಿಗ್ಗೆ ಕಾರು ತೊಳೆಯಲೆಂದು ಅದನ್ನು ಪೋರ್ಟಿಕೋದಿಂದ ಹೊರಗೆ ತೆಗೆದದ್ದೇ ರಮಾನಾಥನಿಗೆ ಮುಳುವಾಯಿತು. ಹೇಗೂ ಗೇಟು ದಾಟಿ ಆಗಿದೆ, ಹಾಲಿನ ಡಿಪ್ಪೋದವರೆಗೆ ಒಂದು ಸುತ್ತು ಹೋಗಿ ಬರುವ ಎಂದು ಆಕ್ಸಿಲರೇಟರ್ ತುಳಿದ. ಕಾರು ಬೊಬ್ಬೆ ಹೊಡೆಯಿತೇ ಹೊರತು ಓಡಲಿಲ್ಲ. ಮೀಟರಿನ ಮುಳ್ಳು ಮೂವತ್ತಕ್ಕೆ ಹೋಗಿ, ಮದುವೆ ಮನೆಯಲ್ಲಿ ಉಂಡು ಮುಗಿಸಿದ ನೆಂಟನ ಹಾಗೆ ಅಲ್ಲೇ ಕುಳಿತುಬಿಟ್ಟಿತು. ಪಕ್ಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿತು. ಹಾಲಿನ ಕ್ಯಾನು ಹೇರಿಕೊಂಡ ಸೈಕಲ್ಲೊಂದು ಬೆಲ್ಲು ಮಾಡಿ ಅವನನ್ನು ಹಿಂದೆ ಹಾಕಿ ಹೋಯಿತು.

ಕಾರು ಅವನದ್ದಲ್ಲ, ಹೆಂಡತಿ ಕಾಂತಿಯ ಅಣ್ಣ ಶೋಧನ್ ಭಾವನದ್ದು. ಜರ್ಮನಿಯ ಕಾರು. ದೋಹಾದಿಂದ ರಜೆಯಲ್ಲಿ ಬಂದಾಗ ಆಸೆಪಟ್ಟು ತೆಗೆದುಕೊಂಡು, ಒಂದು ತಿಂಗಳು ಓಡಿಸಿ, ಸ್ವಲ್ಪ ದಿನದ ಮಟ್ಟಿಗೆ ಇರಲಿ ಎಂದು ಬಂಟ್ವಾಳದ ತಂಗಿಯ ಮನೆಯ ಪೋರ್ಟಿಕೋದಲ್ಲಿ ನಿಲ್ಲಿಸಿ ಹೋಗಿದ್ದ. ಆಗ ರಮಾನಾಥನ ಮಗಳು ನವ್ಯಾ ಹೈಸ್ಕೂಲಿನಲ್ಲಿದ್ದಳು. ಈಗ ದ್ವಿತೀಯ ಪಿಯುಸಿ. ಆ ಸ್ವಲ್ಪ ದಿನ ಇನ್ನೂ ಮುಗಿದಿರಲಿಲ್ಲ.

ಮನೆಯಲ್ಲಿ ಇದ್ದದ್ದು ಒಂದೇ ಬೆಡ್‌ರೂಮು. ನವ್ಯಾ ಊಟದ ಮೇಜಿನ ಮೇಲೆ ಓದುತ್ತಿದ್ದಳು. ಮಿಕ್ಸಿ ತಿರುಗುವಾಗ ಫಿಸಿಕ್ಸ್ ನಿಲ್ಲುತ್ತಿತ್ತು, ನೆಂಟರು ಬಂದರೆ ಕೆಮಿಸ್ಟ್ರಿ ಕಪಾಟಿನೊಳಗೆ ಹೋಗುತ್ತಿತ್ತು. ಪೋರ್ಟಿಕೋಕ್ಕೆ ಮೂರು ಕಡೆ ಕೆಂಪುಕಲ್ಲಿನ ಗೋಡೆ ಎಬ್ಬಿಸಿದರೆ ಮಗಳಿಗೊಂದು ಕೋಣೆಯಾಗುತ್ತದೆ ಎಂಬುದು ರಮಾನಾಥನ ಕನಸು. ಸಹಕಾರಿ ಸಂಘದ ಗುಮಾಸ್ತನ ಕೈಗೆಟುಕುವ ಕನಸು. ಕಲ್ಲು ತರಿಸಿ ಅಂಗಳದಲ್ಲಿ ಪೇರಿಸಿಟ್ಟೂ ಆಗಿತ್ತು. ಮೇಸ್ತ್ರಿ ಧರ್ಣಪ್ಪ ವಿಜಯದಶಮಿಗೆ, ಅಂದರೆ ಮರುದಿನವೇ ಕೆಲಸಕ್ಕೆ ಕೈ ಹಾಕುತ್ತೇನೆಂದಿದ್ದ. ಅದು ತಪ್ಪಿದರೆ ಅವನಿಗೆ ಧರ್ಮಸ್ಥಳದಲ್ಲಿ ಲಾಡ್ಜೊಂದರ ಕೆಲಸವಿತ್ತು, ಮತ್ತೆ ಸಿಗುವುದು ನವ್ಯಾಳ ಪರೀಕ್ಷೆ ಮುಗಿದ ಮೇಲೆಯೇ. ಉಳಿದಿದ್ದ ಅಡ್ಡಿ ಒಂದು, ಕಾರು.

ಭಾವ ಈ ಸಂಜೆ ಬರುವವನಿದ್ದ. “ಈ ಸಲ ಕಾರಿನದ್ದೊಂದು ತೀರ್ಮಾನ ಮಾಡುವ ಭಾವ” ಎಂದು ಫೋನಿನಲ್ಲಿ ಹೇಳಿದ್ದ. ಹಿಂದಿನ ಎರಡು ರಜೆಯಲ್ಲೂ ಅವನು ಹಾಗೇ ಹೇಳಿ ಬಂದದ್ದು. ಬಂದಾಗ ಕಾರು ಸ್ಟಾರ್ಟೇ ಆಗಿರಲಿಲ್ಲ. ಸತ್ತ ಕಾರನ್ನು ಯಾರು ತೆಗೆದುಕೊಳ್ಳುತ್ತಾರೆ, ಮುಂದಿನ ರಜೆಗೆ ನೋಡುವ ಎಂದು ವಿಮಾನ ಹತ್ತಿದ್ದ. ಆದ್ದರಿಂದ ರಮಾನಾಥನ ಲೆಕ್ಕ ಸರಳವಾಗಿತ್ತು: ಕಾರು ಓಡಿದರೆ ಭಾವ ಮಾರುತ್ತಾನೆ, ಓಡದಿದ್ದರೆ ಇಲ್ಲೇ ಬಿಡುತ್ತಾನೆ. ಈ ಸಲ ಎಡವಬಾರದೆಂದು ಹೊಸ ಬ್ಯಾಟರಿ ಹಾಕಿಸಿ, ಪ್ರತಿ ಆದಿತ್ಯವಾರ ಅದನ್ನು ನಿಂತಲ್ಲೇ ಸ್ಟಾರ್ಟ್ ಮಾಡಿ, ಹಸುಗೂಸಿನ ಹಾಗೆ ನೋಡಿಕೊಂಡಿದ್ದ. ಓಡಿಸಿ ನೋಡಿರಲಿಲ್ಲ, ಅಷ್ಟೆ.

ಅವನು ಮೆಲ್ಲನೆ ಗೇಟಿನ ಹತ್ತಿರ ವಾಪಸು ಬರುವಾಗ ಪಕ್ಕದ ಮನೆಯ ಹುಕ್ರಪ್ಪ ಕಂಪೌಂಡಿನ ಮೇಲೆ ಮೊಣಕೈ ಊರಿ ಕಾಯುತ್ತಿದ್ದರು. ಸರ್ವೀಸ್ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ಕಾರಿನ ಶಬ್ದ ಕೇಳಿಯೇ ಗೇರು ಹೋಗಿದೆ ಎಂದು ತೀರ್ಪು ಕೊಟ್ಟರು. ಬೆಳ್ತಂಗಡಿಯಲ್ಲಿ ತಮ್ಮ ಅಕ್ಕನ ಅಳಿಯನ ಗ್ಯಾರೇಜಿದೆ, ಅವನು ಕೈ ಇಟ್ಟ ಗಾಡಿ ಮತ್ತೆ ಬಾಯಿ ಬಿಡುವುದಿಲ್ಲ ಎಂದರು. ಎದುರು ಮನೆಯ ಬೀಯಮ್ಮ ಗೇಟಿನ ಬಳಿ ನಿಂತು, ಅಷ್ಟು ದೂರ ಯಾಕೆ, ಫರಂಗಿಪೇಟೆಯಲ್ಲಿ ನನ್ನ ತಂಗಿಯ ಮಗ ಅಸ್ಕರ್ ಇದ್ದಾನಲ್ಲ ಎಂದರು. ಕಂಪೆನಿಯ ವರ್ಕ್‌ಶಾಪಿಗೆ ಫೋನು ಮಾಡಿದರೆ, ಕರೆ ಬಹಳ ಅಮೂಲ್ಯವಾದದ್ದೆಂದೂ ಹಬ್ಬಕ್ಕೆ ಎರಡು ದಿನ ರಜೆಯೆಂದೂ ಹೆಣ್ಣು ದನಿಯೊಂದು ಹೇಳಿತು.

ಸಂಘದ ಸಹೋದ್ಯೋಗಿ ತರುಣ್‌ನ ಸಲಹೆ ಕೇಳಿದ್ದು ಇನ್ನೊಂದು ತಪ್ಪು. ಯುರೋಪಿನ ಕಾರಿಗೆ ಹೊರಗಿನ ಗ್ಯಾರೇಜನ್ನು ಆರಿಸುವುದು ಹೇಗೆ ಎಂಬ ವಿಡಿಯೋ ಒಂದನ್ನು ಅವನು ತಕ್ಷಣ ಕಳಿಸಿದ. ಸಿಕ್ಕಿದವರ ಕೈಗೆ ಕೊಟ್ಟರೆ ಕಾರು ಹಾಳು, ಮೊದಲು ಪ್ರಶ್ನೆ ಕೇಳಬೇಕು ಎನ್ನುತ್ತಿತ್ತು ವಿಡಿಯೋ. ಈ ಜಾತಿಯ ಕಾರು ಎಷ್ಟು ವರ್ಷದಿಂದ ನೋಡುತ್ತಿದ್ದೀರಿ? ಸ್ಕ್ಯಾನರ್ ಉಂಟೇ? ಹಾಕುವ ಸಾಮಾನು ಅಸಲಿಯೋ? ಗ್ಯಾರಂಟಿ ಬರೆದು ಕೊಡುತ್ತೀರೋ? ರಮಾನಾಥ ಹಲ್ಲುಜ್ಜುತ್ತ ಇವನ್ನು ಬಾಯಿಪಾಠ ಮಾಡಿದ.

“ನೀವು ಪರೀಕ್ಷೆ ಮಾಡ್ಲಿಕ್ಕೆ ಹೋಗ್ಬೇಡಿ” ಎಂದಳು ಕಾಂತಿ. “ಸಂಜೆ ಅಣ್ಣನನ್ನು ಕರ್ಕೊಂಡು ಬರ್ಬೇಕು. ಅದೂ ಅವನದೇ ಕಾರಲ್ಲಿ. ಯಾರು ಸಿಗ್ತಾರೋ ಅವರಿಗೆ ಕೊಡಿ.”

ಹತ್ತಿರದ್ದೆಂದು ಮೊದಲು ಫರಂಗಿಪೇಟೆಗೆ ಹೊರಟ. ಹುಕ್ರಪ್ಪ ಕರೆಯದೆಯೇ ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ದಾರಿಯಲ್ಲಿ ಮೀನಿನ ಟೆಂಪೋ, ಹೂವಿನ ವ್ಯಾನು, ಕೊನೆಗೆ ಒಂದು ರೋಡ್ ರೋಲರನ್ನು ಬಿಟ್ಟರೆ ಉಳಿದೆಲ್ಲವೂ ಅವರನ್ನು ಹಿಂದೆ ಹಾಕಿದವು. ಹೆದ್ದಾರಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸುಗಳು ಹಾರ್ನಿನಲ್ಲಿ ಬೈಯುತ್ತ ಹೋದವು. ಹುಕ್ರಪ್ಪ ಆ ಡ್ರೈವರುಗಳಿಗೆಲ್ಲ ಕೈ ಬೀಸಿ, ತಾನು ಇರುವುದು ಈ ಕಾರಿನಲ್ಲಿ ಎಂದು ತಿಳಿಯಪಡಿಸಿದರು.

ಅಸ್ಕರ್ ಒಳ್ಳೆಯ ಮನುಷ್ಯ. ಚಹಾ ತರಿಸಿದ. ರಮಾನಾಥ ಚಹಾ ಕುಡಿಯುತ್ತ ಒಂದೊಂದೇ ಪ್ರಶ್ನೆ ಹೊರಗೆ ತೆಗೆದ. ಎಷ್ಟು ವರ್ಷದ ಅನುಭವ, ಹಿಂದಿನ ಗಿರಾಕಿಗಳು ಯಾರು, ಅವರ ಅಭಿಪ್ರಾಯ ಏನು. ಅಸ್ಕರನ ಮುಖ ನಿಧಾನವಾಗಿ ಬಿಗಿಯಿತು.

“ರಮಾನಾಥಣ್ಣ, ನೀವು ಬಂದದ್ದು ಕಾರು ತೋರಿಸ್ಲಿಕ್ಕಾ, ಹುಡುಗಿ ನೋಡ್ಲಿಕ್ಕಾ? ಇನ್ನು ಅಡುಗೆ ಗೊತ್ತುಂಟಾ ಅಂತ ಒಂದು ಕೇಳಿಬಿಡಿ, ಮುಗೀತದೆ.”

ಆದರೂ ಎದ್ದು ಬಾನೆಟ್ಟು ಎತ್ತಿ ನೋಡಿದ. ಹಣೆ ಗಂಟಿಕ್ಕಿದ. ಇದು ತನ್ನ ಕೈಯಲ್ಲಿ ಆಗುವುದಲ್ಲ, ಮೆಷಿನ್ ಹಾಕದೆ ಮುಟ್ಟಿದರೆ ಈಗ ಒಂದೇ ಇರುವ ಹಳದಿ ದೀಪ ದೀಪಾವಳಿ ಆಗುತ್ತದೆ ಎಂದು ನೇರವಾಗಿ ಹೇಳಿದ. ಅಲ್ಲದೆ ಗ್ಯಾರೇಜಿನ ಒಳಗೆ ಬೆರಳು ತೋರಿಸಿದ. ಅವನ ಕೆಲಸಗಾರರು ಸ್ಪ್ಯಾನರು, ಸ್ಕ್ರೂ ಡ್ರೈವರು, ಜಾಕಿ ಎಲ್ಲವನ್ನೂ ತೊಳೆದು ಬಾಳೆ ಎಲೆಯ ಮೇಲೆ ಸಾಲಾಗಿ ಮಲಗಿಸಿ, ಮೇಲೆ ಚೆಂಡುಹೂ ಇಟ್ಟಿದ್ದರು. “ಪೂಜೆಗೆ ಇಟ್ಟಾಯ್ತು. ಇನ್ನು ನಾಳೆವರೆಗೆ ಯಾರೂ ಮುಟ್ಟುವ ಹಾಗಿಲ್ಲ. ನಾನು ಮುಟ್ಟಿದ್ರೆ ಹುಡುಗರು ನನ್ನನ್ನು ಬಿಡ್ಲಿಕ್ಕಿಲ್ಲ.”

ಅವಲಕ್ಕಿ, ಕಡಲೆ, ಬೆಲ್ಲ ಕಲಸಿದ ಪೊಟ್ಟಣವೊಂದನ್ನು ಕೈಗಿಟ್ಟು ಕಳಿಸಿದ.

ಆಗ ರಮಾನಾಥನಿಗೆ ಹೊಳೆಯಿತು. ಈ ಒಂದು ದಿನ ಜಿಲ್ಲೆಯ ಅಷ್ಟೂ ಸ್ಪ್ಯಾನರುಗಳು ಬಾಳೆ ಎಲೆಯ ಮೇಲೆ ಮಲಗಿರುತ್ತವೆ. ಹುಕ್ರಪ್ಪ ಮಾತ್ರ ಧೈರ್ಯ ಬಿಡಲಿಲ್ಲ. ತಮ್ಮ ಅಳಿಯ ಸೋಮಾರಿ, ಹನ್ನೊಂದರ ಮೊದಲು ಅವನ ಗ್ಯಾರೇಜಿನಲ್ಲಿ ಪೂಜೆ ಆಗುವ ಸಂಭವವೇ ಇಲ್ಲ ಎಂದು ಭರವಸೆ ಕೊಟ್ಟರು.

ಬೆಳ್ತಂಗಡಿ ತಲುಪಿದಾಗ ಗ್ಯಾರೇಜಿನ ಬಾಗಿಲಿಗೆ ಬಾಳೆಗಿಡ ಕಟ್ಟಿತ್ತು, ಮೈಕಿನಲ್ಲಿ ಭಕ್ತಿಗೀತೆ ಅರಚುತ್ತಿತ್ತು. ಅಳಿಯ ಈ ವರ್ಷವೇ ಮೊದಲ ಬಾರಿಗೆ ಬೇಗ ಎದ್ದಿದ್ದ. ಮಂಗಳಾರತಿ ಮುಗಿದು ಕರ್ಪೂರದ ಹೊಗೆ ಇನ್ನೂ ಸುತ್ತುತ್ತಿತ್ತು. ಆದರೆ ಜರ್ಮನ್ ಕಾರು ಒಳಗೆ ಬಂದದ್ದು ನೋಡಿ ಅವನ ಕಣ್ಣು ಅರಳಿತು. ರಿಪೇರಿ ನಾಳೆ ನೋಡುವ, ಈಗ ಪೂಜೆ ಆಗಲಿ ಎಂದ. ರಮಾನಾಥ ಬೇಡ ಬೇಡ ಎನ್ನುತ್ತಿರುವಾಗಲೇ ಕಾರಿಗೆ ಸೇವಂತಿಗೆ ಮಾಲೆ ಬಿತ್ತು, ನಾಲ್ಕು ಚಕ್ರದಡಿ ನಿಂಬೆಹಣ್ಣು ಬಂತು, ಬಾನೆಟ್ಟಿನ ಮೇಲೆ ಕುಂಕುಮದ ಹೆಬ್ಬೆರಳಿನ ಗುರುತು ಮೂಡಿತು. ಕುಂಕುಮ ತುಂಬಿದ ಕುಂಬಳಕಾಯಿ ಒಡೆದ ರಭಸಕ್ಕೆ ರಮಾನಾಥನ ಬಿಳಿ ಅಂಗಿ ಕೆಂಪಾಯಿತು. ಕೊನೆಗೆ ಅಳಿಯ ಬಾನೆಟ್ಟು ಎತ್ತಿದ. ರಮಾನಾಥ ಆಸೆಯಿಂದ ಬಗ್ಗಿದ. ಅಳಿಯ ಎಂಜಿನ್ನಿನ ಮುಂದೆ ಸ್ಪ್ಯಾನರ್ ಹಿಡಿದವನ ಹಾಗೆ ಬರಿಗೈ ಚಾಚಿ ನಿಂತು ಫೋಟೋ ತೆಗೆಸಿಕೊಂಡ, ಬಾನೆಟ್ಟು ಮುಚ್ಚಿದ. ಇನ್ನು ಮುಂದೆ ನಮ್ಮಲ್ಲಿ ಯುರೋಪಿನ ಕಾರುಗಳನ್ನೂ ರಿಪೇರಿ ಮಾಡಲಾಗುವುದು ಎಂದು ಆ ಫೋಟೋ ಆಗಲೇ ಅವನ ಸ್ಟೇಟಸ್ಸಿಗೆ ಏರಿತ್ತು.

ಎರಡನೆಯ ಅವಲಕ್ಕಿ ಪೊಟ್ಟಣದ ಜೊತೆ ಅವರು ಹೊರಬಿದ್ದರು.

ಕಾಂತಿ ಫೋನು ಮಾಡಿದಳು. ಹುಕ್ರಪ್ಪನವರ ಮನೆಯವರಿಗೆ ಆ ಫೋಟೋ ಬಂದಿತ್ತಂತೆ, ಅದರ ಮೂಲೆಯಲ್ಲಿ ರಮಾನಾಥನೂ ಇದ್ದನಂತೆ. ಅಂಗಿಯಲ್ಲಿ ರಕ್ತ ಯಾಕೆ ಎಂದು ಕೇಳಿದಳು. ಕುಂಬಳಕಾಯಿಯದ್ದು ಎಂದ. ಆಮೇಲೆ ಅವಳು, ಧರ್ಣಪ್ಪ ಬಂದು ಪೋರ್ಟಿಕೋಕ್ಕೆ ನೂಲು ಹಿಡಿದು ಅಳತೆ ತೆಗೊಂಡು ಹೋಗಿದ್ದಾನೆ, ನವ್ಯಾ ಕಿಟಕಿ ಎಲ್ಲಿ ಬರಬೇಕೆಂದು ನೆಲದ ಮೇಲೆ ಚಾಕಿನಲ್ಲಿ ಗುರುತು ಮಾಡಿದ್ದಾಳೆ ಎಂದಳು. ರಮಾನಾಥನಿಗೆ ಬರಿಗೈಯಲ್ಲಿ ಮನೆಗೆ ಹೋಗುವ ಧೈರ್ಯವಾಗದೆ, ದೊಡ್ಡ ಊರು, ಅಲ್ಲಿ ಯಾರಾದರೂ ಸಿಕ್ಕಾರು ಎಂದು ಮೂಡಬಿದಿರೆಯ ಕಡೆಗೆ ತಿರುಗಿಸಿದ. ಕಂಬಳದಲ್ಲಿ ಸೋತ ಕೋಣದ ಹಾಗೆ ಮಾಲೆ ಹಾಕಿಕೊಂಡು ಕಾರು ಅಳದಂಗಡಿಯ ದಾರಿ ಹಿಡಿಯಿತು.

ಅಳದಂಗಡಿ ದಾಟಿದ ಮೇಲೆ ಏರಿನಲ್ಲಿ ಪುರೋಹಿತ ಭಟ್ಟರೊಬ್ಬರು ಸ್ಕೂಟರಿನ ಪಕ್ಕ ನಿಂತು ಕೈ ಅಡ್ಡ ಹಿಡಿದರು. ಸ್ಕೂಟರು ಕೆಟ್ಟಿತ್ತು. ಮೂಡಬಿದಿರೆಯಲ್ಲಿ ಪೂಜೆಯಿದೆ, ಹೊತ್ತು ಮೀರುತ್ತಿದೆ, ಇಷ್ಟು ಒಳ್ಳೆಯ ಕಾರು ದೇವರೇ ಕಳಿಸಿದ ಹಾಗಾಯಿತು ಎಂದು ಹತ್ತಿ ಕುಳಿತರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ದೇವರ ಬಗ್ಗೆ ಅವರ ಅಭಿಪ್ರಾಯ ಬದಲಾಯಿತು.

“ಎಂತ ಮಾರಾಯ್ರೆ, ಮೆರವಣಿಗೆಯಾ? ನಾನು ನಡ್ಕೊಂಡು ಹೊರಟಿದ್ರೆ ಇಷ್ಟೊತ್ತಿಗೆ ಪೂಜೆ ಮುಗಿಸಿ ಊಟಕ್ಕೆ ಕೂತಿರ್ತಿದ್ದೆ.”

ಹುಕ್ರಪ್ಪ ಕಾರಿನ ಕಥೆಯೆಲ್ಲ ಹೇಳಿದರು. ಭಟ್ಟರು ಕೇಳಿ ತಿರುಗಿ ಕುಳಿತರು. ತಾವು ಹೋಗುತ್ತಿರುವುದು ಸಾತ್ವಿಕಾ ಎಂಬ ಹುಡುಗಿಯ ಗ್ಯಾರೇಜಿಗೆ, ಅವಳು ನೋಡುವುದೇ ಇಂಥ ಯುರೋಪಿನ ಕಾರುಗಳನ್ನು, ಉಡುಪಿ ಕುಂದಾಪುರದಿಂದಲೂ ಬರುತ್ತಾರೆ ಎಂದರು. ರಮಾನಾಥ ಭಟ್ಟರ ಕಡೆ ತಿರುಗಿದ. ಅಲ್ಲಿಯೂ ಪೂಜೆ ಆಗಿಬಿಟ್ಟಿರಬಹುದಲ್ಲ ಎಂದು ಕೇಳಿದ.

“ಪೂಜೆ ಮಾಡ್ಬೇಕಾದವ ನಿಮ್ಮ ಕಾರಲ್ಲೇ ಇದ್ದೇನಲ್ಲ. ಹೇಗೆ ಆಗ್ತದೆ?”

ಜೀವನದಲ್ಲಿ ಮೊದಲ ಬಾರಿ ರಮಾನಾಥನಿಗೆ ಮೂವತ್ತರ ಮುಳ್ಳಿನ ಮೇಲೆ ಪ್ರೀತಿ ಬಂತು.

ಸಾತ್ವಿಕಾಳ ಗ್ಯಾರೇಜು ಆಸ್ಪತ್ರೆಯಷ್ಟು ಚೊಕ್ಕವಾಗಿತ್ತು. ಬಾಳೆ ಎಲೆಯ ಮೇಲೆ ಹತಾರಗಳು ಮಲಗಿದ್ದವು, ಲ್ಯಾಪ್‌ಟಾಪಿನ ಪಕ್ಕ ಹೂವಿತ್ತು, ಭಟ್ಟರು ಮಾತ್ರ ಬಾಕಿ. ರಮಾನಾಥ ಪ್ರಶ್ನೆಗಳನ್ನೆಲ್ಲ ಮರೆತಿದ್ದ. ಇಲ್ಲಿ ಪ್ರಶ್ನೆ ಕೇಳಿದವಳು ಅವಳು. ಆಯಿಲ್ ಕೊನೆಗೆ ಬದಲಿಸಿದ್ದು ಯಾವಾಗ, ಯಾವ ಆಯಿಲ್, ಕೂಲೆಂಟಿಗೆ ನೀರು ಸೇರಿಸಿದ್ದುಂಟೋ, ಹಿಂದೆ ಯಾರ್ಯಾರು ಕೈ ಹಾಕಿದ್ದಾರೆ. ಅವನು ಮೌಖಿಕ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವನ ಹಾಗೆ ನಿಂತ. ಹುಕ್ರಪ್ಪ ಅವನ ಪರವಾಗಿ ಎಲ್ಲದಕ್ಕೂ ಉತ್ತರ ಕೊಟ್ಟರು, ಎಲ್ಲವೂ ಸುಳ್ಳು.

“ನಾನು ಎಲ್ಲಾ ಕಾರು ತೆಗೊಳ್ಳುದಿಲ್ಲ” ಎಂದಳು ಸಾತ್ವಿಕಾ. “ಓನರ್ ಸರಿ ಇದ್ರೆ ಮಾತ್ರ ತೆಗೊಳ್ಳುದು. ಆರಿಸುದು ನೀವೊಬ್ರೇ ಅಲ್ಲ.”

ರಮಾನಾಥ ಕೈ ಮುಗಿದ. ಓನರ್ ನಾನಲ್ಲ ಮೇಡಂ, ನಾನು ಬರೀ ಜಾಗ ಕೊಟ್ಟವ ಎಂದ. ಪೋರ್ಟಿಕೋ, ಭಾವ, ಕೆಂಪುಕಲ್ಲು, ಚಾಕಿನ ಕಿಟಕಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಸಾತ್ವಿಕಾ ಬಾಳೆ ಎಲೆಯನ್ನೊಮ್ಮೆ, ಭಟ್ಟರನ್ನೊಮ್ಮೆ ನೋಡಿದಳು. ಭಟ್ಟರು ಕಾಲು ಚಾಚಿ ಕುರ್ಚಿಯಲ್ಲಿ ಕುಳಿತರು. ಮೊದಲು ಒಂದು ಕಾಫಿ ಆಗಲಿ ಎಂದರು. ಕಾಫಿ ಆಯಿತು. ಗಣಪತಿಗೆ ಗರಿಕೆ ಇಲ್ಲ, ಗರಿಕೆ ಇಲ್ಲದೆ ಹೇಗೆ ಶುರು ಮಾಡುವುದು ಎಂದರು. ಹುಕ್ರಪ್ಪ ಗರಿಕೆ ಹುಡುಕಲು ಹೊರಟರು. ತಂದ ಗರಿಕೆ ಬಾಡಿದೆ ಎಂದು ಭಟ್ಟರು ಮತ್ತೆ ಕಳಿಸಿದರು. ಇಷ್ಟರಲ್ಲಿ ಸಾತ್ವಿಕಾ ಬಾಳೆ ಎಲೆಯಿಂದ ಸ್ಪ್ಯಾನರ್ ಎತ್ತಿಕೊಂಡು ಎಂಜಿನ್ನಿನ ಮುಚ್ಚಳ ಬಿಚ್ಚಿ ಆಗಿತ್ತು.

ಒಳಗೆ ಇಲಿಯ ಗೂಡು. ಹತ್ತಿ, ತೆಂಗಿನ ನಾರು, ನವ್ಯಾಳ ಕೆಮಿಸ್ಟ್ರಿ ನೋಟ್ಸಿನ ಅರ್ಧ ಹಾಳೆ. ತಾಯಿ ಇಲಿ ಯಾವ ಮೇಸ್ತ್ರಿಗೂ ಕಾಯದೆ ಮಕ್ಕಳಿಗೊಂದು ಕೋಣೆ ಕಟ್ಟಿ, ಸಾಕಿ, ದೊಡ್ಡ ಮಾಡಿ, ಕಳಿಸಿಯೂ ಆಗಿತ್ತು. ಹೋಗುವ ಮೊದಲು ಒಂದು ವೈರು ಕಡಿದಿತ್ತು. ರಮಾನಾಥ ಆ ಗೂಡನ್ನು ಬಹಳ ಹೊತ್ತು ನೋಡುತ್ತ ನಿಂತ. ತನ್ನ ಪೋರ್ಟಿಕೋದಲ್ಲಿ ಒಬ್ಬರ ಕೆಲಸವಾದರೂ ಆಗಿದೆ ಎನಿಸಿತು.

“ಗೇರ್ ಸರಿಯೇ ಉಂಟು” ಎಂದಳು ಸಾತ್ವಿಕಾ. “ವೈರು ಕಟ್ಟಾಗಿ, ತನಗೆ ಎಂತ ಆಗಿದೆ ಅಂತ ಕಾರಿಗೆ ಗೊತ್ತಾಗ್ತಾ ಇರ್ಲಿಲ್ಲ. ಹಾಗೆ ಹೆದರಿ ಮೆಲ್ಲ ಹೋಗ್ತಾ ಇತ್ತು.”

ಆ ಮಾತು ರಮಾನಾಥನಿಗೆ ಕಾರಿಗಿಂತ ಹೆಚ್ಚು ಅರ್ಥವಾಯಿತು.

ವೈರು ಸೇರಿಸಿ, ಆಯಿಲ್ ಬದಲಿಸಿ, ಲ್ಯಾಪ್‌ಟಾಪು ಹಚ್ಚಿ ಏನೋ ಅಳಿಸಿದಳು. ಹಳದಿ ದೀಪ ಆರಿತು. ಸ್ಪ್ಯಾನರನ್ನು ಒರೆಸಿ ಬಾಳೆ ಎಲೆಯ ಮೇಲೆ ಅದರ ಜಾಗದಲ್ಲೇ ಮಲಗಿಸಿದ ಮೇಲೆ, ಹುಕ್ರಪ್ಪ ಮೂರನೆಯ ಸಲ ತಂದ ಗರಿಕೆ ಭಟ್ಟರಿಗೆ ಒಪ್ಪಿಗೆಯಾಯಿತು.

ಹುಕ್ರಪ್ಪ ಪ್ರಸಾದ ತೆಗೆದುಕೊಂಡು ಬಸ್ಸು ಹತ್ತಿದರು. ಗ್ಯಾರೇಜು ಹುಡುಕಿದ್ದು ತಾನೆಂದು ಕೇರಿಗೆ ಬೇಗ ತಿಳಿಸಬೇಕಿತ್ತು. ರಮಾನಾಥ ಒಬ್ಬನೇ ವಿಮಾನ ನಿಲ್ದಾಣಕ್ಕೆ ಹೊರಟ. ಕಾರು ಎಣ್ಣೆಯ ಮೇಲೆ ಜಾರಿದ ಹಾಗೆ ಹೋಯಿತು. ಬೆಳಗಿನಿಂದ ಹಿಂದೆ ಹಾಕಿಸಿಕೊಂಡ ಅವಮಾನಕ್ಕೆಲ್ಲ ಸೇರಿಸಿ ಬಸ್ಸು, ಟೆಂಪೋ, ಜೀಪುಗಳನ್ನು ಹಿಂದೆ ಹಾಕಿದ. ನಾಳೆ ಈ ಹೊತ್ತಿಗೆ ಮೊದಲ ಸಾಲು ಕಲ್ಲು ಎದ್ದಿರುತ್ತದೆ ಎಂದುಕೊಂಡ. ಕಿಟಕಿಗೆ ಯಾವ ಬಣ್ಣವೆಂದು ಮಗಳನ್ನು ಕೇಳಬೇಕು.

ಶೋಧನ್ ಭಾವ ಟ್ರಾಲಿ ತಳ್ಳಿಕೊಂಡು ಹೊರಬಂದವನು ಮಾಲೆ ಹಾಕಿದ ತನ್ನ ಕಾರನ್ನು ನೋಡಿ ನಿಂತುಬಿಟ್ಟ. ಬಾಗಿಲು ತೆರೆದು ತಾನೇ ಸ್ಟಾರ್ಟ್ ಮಾಡಿದ. ಕಿವಿಗೊಟ್ಟು ಕೇಳಿದ. ಒಂದು ಫೋನು ಮಾಡ್ಲಿಕ್ಕುಂಟು ಎಂದು ಆಚೆ ಹೋಗಿ ಮಾತಾಡಿ ಬಂದ. ಮತ್ತೆ ಮನೆ ತಲುಪುವವರೆಗೂ ಅವನೇ ಓಡಿಸಿದ, ಹೆಚ್ಚು ಮಾತಾಡಲಿಲ್ಲ. ಗಿರಾಕಿ ಗೊತ್ತು ಮಾಡಿರಬೇಕು ಎಂದು ರಮಾನಾಥ ಒಳಗೊಳಗೇ ಹಿಗ್ಗಿದ.

ಮನೆಯಲ್ಲಿ ಪೂಜೆಗೆ ಎಲ್ಲ ಸಿದ್ಧವಾಗಿತ್ತು. ಮಣೆಯ ಮೇಲೆ ಕತ್ತಿ, ತರಕಾರಿ ಹೆಚ್ಚುವ ಮೆಟ್ಟುಕತ್ತಿ, ರಮಾನಾಥನ ಸ್ಕೂಟರಿನ ಬೀಗದ ಕೈ, ನವ್ಯಾಳ ಪುಸ್ತಕಗಳು. ಕಾಂತಿ ದೀಪ ಹಚ್ಚಿದಳು. ಆರತಿಯಾದ ಮೇಲೆ ಶೋಧನ್ ಗಂಟಲು ಸರಿಮಾಡಿಕೊಂಡ.

“ಭಾವ, ನಿಮಗೆ ಒಂದು ವಿಷಯ ಹೇಳ್ಬೇಕು. ನಾನು ಈ ಕಾರನ್ನು ಗುಜರಿಗೆ ಕೊಡುದು ಅಂತಲೇ ಬಂದದ್ದು. ಓಡ್ಲಿ ಬಿಡ್ಲಿ, ನಿಮಗೆ ಎಷ್ಟು ವರ್ಷ ಅಂತ ತೊಂದ್ರೆ ಕೊಡುದು? ಫರಂಗಿಪೇಟೆಯ ಗುಜರಿ ಹಾಜಬ್ಬನವರಿಗೆ ದೋಹಾದಿಂದಲೇ ಹೇಳಿ ಆಗಿತ್ತು. ನಾಳೆ ಬೆಳಿಗ್ಗೆ ಅವರು ಕ್ರೇನ್ ತೆಗೊಂಡು ಬರುವವರಿದ್ರು.”

ರಮಾನಾಥ ಅಂಗಳದಲ್ಲಿ ಪೇರಿಸಿಟ್ಟ ಕಲ್ಲುಗಳ ಕಡೆ ನೋಡಿದ.

“ಆದ್ರೆ ಏರ್‌ಪೋರ್ಟಲ್ಲಿ ಎಂಜಿನ್ ಶಬ್ದ ಕೇಳಿದ್ದೇ ನನಗೆ ಒಂಥರಾ ಆಯ್ತು. ಕೂಡಲೇ ಫೋನು ಮಾಡಿ ಬೇಡ ಅಂದೆ. ನೀವು ಅದನ್ನು ಮಗುವಿನ ಹಾಗೆ ಸಾಕಿದ್ದೀರಿ. ಇಂಥಾ ಕಾರು ಹೊರಗಿನವರ ಕೈಗೆ ಯಾಕೆ? ನಮ್ಮದು ಅಳಿಯಸಂತಾನ. ನನ್ನದು ಹೋಗ್ಬೇಕಾದದ್ದು ನನ್ನ ತಂಗಿಯ ಮಕ್ಕಳಿಗೆ.”

ವೀಳ್ಯದೆಲೆಯ ಮೇಲೆ ಅಡಿಕೆ, ಅದರ ಮೇಲೆ ಕಾರಿನ ಬೀಗದ ಕೈ ಇಟ್ಟು, ದೀಪದ ಎದುರು ನವ್ಯಾಳ ಕೈಗೆ ಕೊಟ್ಟ. ಕಾಂತಿ ಸೆರಗಿನಿಂದ ಕಣ್ಣೊರೆಸಿದಳು. ಅಣ್ಣ ಕೊಟ್ಟ ಸಂತೋಷಕ್ಕೋ ಹೋದ ಗೋಡೆಗೋ ಅವಳಿಗೇ ತಿಳಿಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹುಕ್ರಪ್ಪ, ಗ್ಯಾರೇಜು ಹುಡುಕಿದ್ದು ಯಾರು ಕೇಳಿ ಎಂದು ಬೀಯಮ್ಮನಿಗೆ ಹೇಳುತ್ತಿದ್ದರು.

ನವ್ಯಾ ಅಂಗೈಯಲ್ಲಿದ್ದ ಬೀಗದ ಕೈಯನ್ನು ನೋಡಿದಳು, ಬಾಗಿಲಾಚೆ ಚಾಕಿನ ಕಿಟಕಿಯ ಎದುರು ನಿಂತ ಕಾರನ್ನು ನೋಡಿದಳು.

“ಮಾವ, ಇದು ಈಗ ನಂದೇ ಅಲ್ವಾ?”

“ಇನ್ನು ಯಾರದ್ದು ಮಗಳೇ?”

“ಹಾಗಾದ್ರೆ ನಾನು ಇದನ್ನು ಮಾರ್ಬಹುದಾ?”

ರಮಾನಾಥನಿಗೆ ಮಗಳ ತಲೆಯ ಮೇಲೆ ಕೈ ಇಡಬೇಕೆನಿಸಿತು. ಎರಡು ವರ್ಷದ ಟ್ಯೂಷನ್ನು ವ್ಯರ್ಥವಾಗಿಲ್ಲ. ಶೋಧನ್ ದೊಡ್ಡದಾಗಿ ನಕ್ಕ.

“ಮಾರ್ಲಿಕ್ಕೆ ಆಗ್ತದಾ? ನಿನ್ನ ಕೈಗೆ ಬಂದದ್ದು ಅಷ್ಟೆ, ನಿನ್ನ ನಂತರ ನಿನ್ನ ಮಕ್ಕಳದ್ದು. ಇದು ಕುಟುಂಬದ್ದು.”

ರಮಾನಾಥ ಬಾಯಿ ತೆರೆದ. ಭಾವ, ಆ ಪೋರ್ಟಿಕೋ ಉಂಟಲ್ಲ, ನಾನು ಅದರಲ್ಲಿ ಎಂದು ಶುರುಮಾಡಿದ. ಶೋಧನ್ ಪ್ರೀತಿಯಿಂದ ಅವನ ಹೆಗಲ ಮೇಲೆ ಕೈ ಹಾಕಿದ.

“ನಿಮಗೆ ಯಾಕೆ ಭಾವ ಆ ತಲೆಬಿಸಿ? ಅಳಿಯಸಂತಾನದ ಲೆಕ್ಕಕ್ಕೆ ನೀವು ಬೇರೆ ಕುಟುಂಬದವರು. ಕಾರು ಅಲ್ಲೇ ಇರ್ಲಿ, ನೀವು ನೋಡಿಕೊಂಡ್ರೆ ಸಾಕು.”

ಆಮೇಲೆ ಎಲ್ಲರಿಗೂ ಕೇಳಿಸಬೇಕೆಂದು ಶೋಧನ್ ಪೋರ್ಟಿಕೋಕ್ಕೆ ಹೋಗಿ ಕಾರನ್ನು ಸ್ಟಾರ್ಟ್ ಮಾಡಿದ. ರಮಾನಾಥ ಹೊಸ್ತಿಲಲ್ಲಿ ನಿಂತು, ಅದು ಒಮ್ಮೆಯಾದರೂ ಕೆಮ್ಮಲಿ ಎಂದು ಕಾದ. ಕೆಮ್ಮಲಿಲ್ಲ.